ಗಿಟಾರು ಮ್ಯೂಟ್ ಮಾಡಿ ಕೇಳಿದಾಗ

ಬೆಂಗಳೂರಿನ ನಮ್ಮ ಬ್ಯಾಂಡಿನಲ್ಲಿ ನಾನು ಬೇಸ್ (ತಗ್ಗಿನ ಸ್ವರಗಳ ಗಿಟಾರು) ನುಡಿಸುತ್ತೇನೆ. ಎಲ್ಲರೂ ಮೆಟಲ್, ಅಂದರೆ ಅಬ್ಬರದ ರಾಕ್ ಸಂಗೀತದ, ಹುಚ್ಚಿನವರೇ; 2011ರಲ್ಲಿ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂದಾಗ ಕುತ್ತಿಗೆ ಹಿಡಿದುಕೊಳ್ಳುವಷ್ಟು ತಲೆ ಕುಣಿಸಿದವರು. ಶಿಶುನಾಳ ಶರೀಫರ ತತ್ವಪದಗಳಿಗೂ ಗಿಟಾರಿನ ದನಿಯನ್ನು ಒರಟಾಗಿಸುವ ಅದೇ ಭಾರಿ ಡಿಸ್ಟಾರ್ಷನ್ ಹಾಕಿದೆವು. ‘ಕೋಡಗನ ಕೋಳಿ ನುಂಗಿತ್ತ’ದಲ್ಲಿ ಯಾವುದು ಯಾವುದನ್ನು ನುಂಗಿತು ಅನ್ನುವುದೇ ಮಜಾ. ನಮ್ಮಲ್ಲಿ ಗಿಟಾರು ಎಲ್ಲವನ್ನೂ ನುಂಗಿ ಕೂತಿತ್ತು.

ಸೌಂಡ್ ಬದಲಿಸೋಣ ಅಂದರೆ ಡ್ರಮ್ಮರ್ ಒಪ್ಪಲಿಲ್ಲ. “ಜನ ಬರೋದೇ ಆ ಸೌಂಡಿಗೆ ಕಣೋ. ಎಸಿ/ಡಿಸಿಯವರು ಬದಲಿಸಿದ್ರಾ?” ಅಂದ. ನಿಜ, ಆ ರಾಕ್ ಬ್ಯಾಂಡಿನವರು ದಶಕಗಟ್ಟಲೆ ಒಂದೇ ಬಗೆಯ ರಿಫ್ (ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು) ಹಿಡಿದು ಸ್ಟೇಡಿಯಂ ತುಂಬಿಸಿದವರು. ನಾನು ಮೆಟಾಲಿಕಾವನ್ನೇ ತೋರಿಸಿದೆ. 1988ರ ಆಲ್ಬಮ್‌ನಲ್ಲಿ ಬೇಸ್ ಕೇಳಿಸುವುದೇ ಇಲ್ಲ ಅನ್ನಬಹುದು (ಬೇಸ್ ನುಡಿಸುವವರಿಗೆಲ್ಲ ಇದು ಹಳೆಯ ಸಂಕಟ). 1991ರದರಲ್ಲಿ ವೇಗ ಇಳಿಸಿ, ಹಾಡುಗಳನ್ನು ಮೊಟಕು ಮಾಡಿ, ಬೇಸನ್ನು ಮುಂದೆ ತಂದರು. ಭಾರ ಕಮ್ಮಿಯಾಗಲಿಲ್ಲ, ಹೆಚ್ಚಿತು.

ಹೀಗೆ ಉದಾಹರಣೆ ಎಸೆದಾಡುತ್ತಿದ್ದರೆ ವಾದ ಮುಗಿಯುವುದಿಲ್ಲ. ನಮ್ಮದೇ ರೆಕಾರ್ಡಿಂಗ್ ಹಾಕಿ ಒಂದೊಂದೇ ಟ್ರ್ಯಾಕ್ ಮ್ಯೂಟ್ ಮಾಡುತ್ತ ಹೋದೆವು. ಗಿಟಾರು ತೆಗೆದರೂ ಹಾಡು ಉಳಿದಿತ್ತು. ಗಾಯಕಿಯ ದನಿ ತೆಗೆದರೆ, ಇಲ್ಲವೇ ಡ್ರಮ್ಸ್-ಬೇಸ್ ಜೋಡಿ ತೆಗೆದರೆ, ಏನೂ ಉಳಿಯುತ್ತಿರಲಿಲ್ಲ. ಗಿಟಾರಿಸ್ಟ್ ಮುಖ ಸಪ್ಪೆ ಮಾಡಿದ, ಆದರೆ ಕಿವಿಗೆ ಕೇಳಿದ್ದನ್ನು ಅಲ್ಲಗಳೆಯಲಿಲ್ಲ.

ಡಿಸ್ಟಾರ್ಷನ್ ಗಿಟಾರು 2ರಿಂದ 4 ಕಿಲೋಹರ್ಟ್ಸ್ ನಡುವಿನ ಕಂಪನಾಂಕಗಳಲ್ಲಿ ದಟ್ಟವಾಗಿ ತುಂಬಿಕೊಳ್ಳುತ್ತದೆ. ಮಾತಿನ ವ್ಯಂಜನಗಳು ಬಿಡಿಸಿ ಕೇಳಿಸಬೇಕಾದ್ದೂ ಬಹುಪಾಲು ಅಲ್ಲೇ. ಮೈಕ್ ಎಷ್ಟು ಏರಿಸಿದರೂ ಮಾನಿಟರ್ (ವೇದಿಕೆಯಲ್ಲಿ ನಮಗೇ ಕೇಳಿಸಲು ಇಟ್ಟ ಸ್ಪೀಕರ್) ಕುಂಯ್ ಅನ್ನುತ್ತಿತ್ತೇ ಹೊರತು ಸಾಹಿತ್ಯ ಕೇಳಿಸುತ್ತಿರಲಿಲ್ಲ. ಹಾಗಾಗಿ ಹಾಡುವಾಗ ಗಿಟಾರು ಡಿಸ್ಟಾರ್ಷನ್ ಇಲ್ಲದ ಕ್ಲೀನ್ ಟೋನ್‌ನಲ್ಲಿ ಏಕತಾರಿಯ ಹಾಗೆ ಒಂದೇ ಸ್ವರ ಮೀಟುತ್ತಿರಲಿ, ಎರಡು-ಮೂರು ತಂತಿ ಒಟ್ಟಿಗೆ ಬಾರಿಸುವ ಪವರ್ ಕಾರ್ಡ್ ಏನಿದ್ದರೂ ಸಾಲು ಮುಗಿದ ಮೇಲೆ ಅಂತ ಗೊತ್ತುಮಾಡಿಕೊಂಡೆವು. ಹಾಡು ‘ಇ’ ಶ್ರುತಿಯಲ್ಲಿದ್ದದ್ದು ಗಿಟಾರಿನ ದಪ್ಪ ತಂತಿ ‘ಇ’ ಅನ್ನುವ ಒಂದೇ ಕಾರಣಕ್ಕೆ. ಮೇಲಿನ ಸ್ವರಗಳಲ್ಲಿ ಗಾಯಕಿ ಕಿರುಚಬೇಕಾಗುತ್ತಿತ್ತು. ‘ಡಿ’ಗೆ ಇಳಿಸಿದೆವು. ನನ್ನ ಬೇಸಿನ ತಂತಿಗಳು ಸಡಿಲಾಗಿ, ನೆಕ್ (ಕುತ್ತಿಗೆ) ಮೇಲಿನ ಲೋಹದ ಪಟ್ಟಿಯಾದ ಫ್ರೆಟ್‌ಗೆ ಬಡಿದು ಗರಗರ ಅನ್ನತೊಡಗಿದವು. ಇನ್ನೂ ದಪ್ಪ ಸೆಟ್ ಹಾಕಿಸಬೇಕಾಯಿತು. ನೆಕ್ ಸ್ವಲ್ಪ ಬಾಗಿತು, ಅದರೊಳಗಿನ ಕಂಬಿ ಟ್ರಸ್ ರಾಡ್ ತಿರುಗಿಸಿ ಸರಿಮಾಡಿದೆ.

ಡ್ರಮ್ಸ್ ಮುಟ್ಟಲಿಲ್ಲ. ಎರಡೂ ಕಾಲಲ್ಲಿ ಬಾರಿಸುವ ಡಬಲ್ ಪೆಡಲ್ ಸಮೇತ ಹಾಗೇ ಇದೆ. ಗಿಟಾರು ಜಾಗ ಬಿಟ್ಟದ್ದರಿಂದ ಡ್ರಮ್ಮರ್ ಏಟು ಈಗ ಹಿಂದಿನ ಸಾಲಿನವರಿಗೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಅಂದಿನಿಂದ ಅವನ ತಕರಾರಿಲ್ಲ.

ಹಳೆಯ ಅಭಿಮಾನಿಗಳಲ್ಲಿ ಕೆಲವರು “ಮೆತ್ತಗಾಗ್ಬಿಟ್ರಿ ಗುರು” ಅಂದು ಬರುವುದನ್ನೇ ಬಿಟ್ಟರು. ಬೇಜಾರಿದೆ. ಆದರೆ ಚರಣವನ್ನೂ ಜೊತೆಗೆ ಹಾಡುವವರು ಈಗ ಸಿಗುತ್ತಿದ್ದಾರೆ. ಮೊದಲು ಪಲ್ಲವಿಗೂ ಬರೀ ಕೂಗುತ್ತಿದ್ದರು. ಸದ್ಯ ಗಿಟಾರಿಸ್ಟ್ ಸಿಂಥ್ (ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ಕೀಬೋರ್ಡು) ತರುತ್ತೇನೆ ಅನ್ನುತ್ತಿದ್ದಾನೆ. ತರಲಿ, ಅದನ್ನೂ ಮ್ಯೂಟ್ ಮಾಡಿ ಕೇಳುತ್ತೇವೆ.