ಕೊಳವೆ ನಿಂತಿತು, ಕೇಬಲ್ ಕುಣಿಯಿತು

ನಾರ್ವೆಯ ಪಶ್ಚಿಮ ಕರಾವಳಿಯ ಇ39 ಹೆದ್ದಾರಿಯಲ್ಲಿ ಹೊರಟವರು ಹಲವು ಫ್ಯೋರ್ಡ್‌ಗಳಲ್ಲಿ, ಅಂದರೆ ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ಕವಲುಗಳಲ್ಲಿ, ಕಾರುಸಮೇತ ಫೆರಿ ಹತ್ತಬೇಕು. ಸೋಗ್ನೆಫ್ಯೋರ್ಡ್‌ನಂಥ ಕಡೆ ಆಳ ಸಾವಿರ ಮೀಟರ್ ದಾಟುತ್ತದೆ. ಸೇತುವೆಗೆ ಕಂಬ ನೆಡುವ ಮಾತೇ ಇಲ್ಲ. ಹಾಗಾಗಿ ಬಂದದ್ದು ನೀರೊಳಗೆ ತೇಲುವ ಸುರಂಗದ ಯೋಚನೆ. ಜಗತ್ತಿನಲ್ಲಿ ಇಂಥದ್ದೊಂದನ್ನೂ ಯಾರೂ ಇನ್ನೂ ಕಟ್ಟಿಲ್ಲ. ನೋಡಿ ಕಲಿಯಲು ಏನೂ ಇಲ್ಲ, ಲೆಕ್ಕವೇ ಗತಿ.

ಲೆಕ್ಕ ಹಾಕಲು ನನಗೆ ಕೊಟ್ಟದ್ದು 500 ಮೀಟರ್ ಆಳದ ನೀರು, 12 ಮೀಟರ್ ವ್ಯಾಸದ ಕಾಂಕ್ರೀಟ್ ಕೊಳವೆ. ಅದು ಮೇಲ್ಮೈಯಿಂದ 30 ಮೀಟರ್ ಕೆಳಗೆ ಇರಬೇಕು. ತನ್ನಷ್ಟಕ್ಕೆ ಬಿಟ್ಟರೆ ಮೇಲೇಳುವಷ್ಟು ಹಗುರ ಇಟ್ಟು, ಪ್ರತಿ 100 ಮೀಟರಿಗೆ ಎರಡು ಉಕ್ಕಿನ ಕೇಬಲ್ಲಿನಿಂದ ತಳಕ್ಕೆ ಬಿಗಿದೆ. ಮೀಟರಿಗೆ 19 ಟನ್ ಮೇಲೇಳುವ ಬಲ ಸಿಕ್ಕಿತು.

ಮೊದಲು ಹೆದರಿದ್ದು ಸೆಳವಿನ ತಳ್ಳುವಿಕೆಗೆ. ಸೆಕೆಂಡಿಗೆ 1.5 ಮೀಟರ್ ಸೆಳವಿಗೆ ಲೆಕ್ಕ ಹಾಕಿದರೆ ಮೀಟರಿಗೆ ಸುಮಾರು 1.4 ಟನ್, ಅಷ್ಟೆ. ತೊಂದರೆ ಇದ್ದದ್ದು ಸುಳಿಯಲ್ಲಿ. ಗಾಳಿಗೆ ವಿದ್ಯುತ್ ತಂತಿ ಗುಂಯ್‌ಗುಡುವುದನ್ನು ಕೇಳಿದ್ದೀರಲ್ಲ, ಅದೇ ಕಥೆ. ಸೆಳವಿಗೆ ಅಡ್ಡ ನಿಂತ ಕೊಳವೆಯ ಹಿಂದೆ ಸುಳಿಗಳು ಮೇಲೊಂದು ಕೆಳಗೊಂದು ಕಳಚಿಕೊಳ್ಳುತ್ತವೆ. ವೇಗವನ್ನು ವ್ಯಾಸದಿಂದ ಭಾಗಿಸಿ 0.2ರಿಂದ ಗುಣಿಸಿದರೆ ಅವುಗಳ ಲಯ ಗೊತ್ತಾಗುತ್ತದೆ. ಕೊಳವೆಗೆ 40 ಸೆಕೆಂಡಿಗೊಮ್ಮೆ ಬಂತು. ಕೇಬಲ್ಲುಗಳು ಬಿಗಿ ಹಿಡಿದ ಕೊಳವೆ ಒಮ್ಮೆ ಮೇಲೆ ಕೆಳಗೆ ಓಲಾಡಲು ಕೆಲವೇ ಸೆಕೆಂಡು ಸಾಕು. ಎರಡರ ತಾಳ ಕೂಡಿದರೆ ಓಲಾಟ ಬೆಳೆಯುತ್ತದೆ, ಇಲ್ಲಿ ಕೂಡುವುದಿಲ್ಲ. ಖುಷಿಯಾಗಿ ಫೈಲ್ ಮುಚ್ಚಿದೆ.

ಮರುದಿನ ಸುಮ್ಮನೆ ಅದೇ ಲೆಕ್ಕವನ್ನು ಒಂದು ಮೀಟರ್ ದಪ್ಪದ, ಒಳಗೆ ಟೊಳ್ಳಾದ ಕೇಬಲ್ಲಿಗೆ ಹಾಕಿದೆ. ಸೆಕೆಂಡಿಗೆ ಒಂದು ಮೀಟರ್ ಸೆಳವಿಗೆ 5 ಸೆಕೆಂಡಿಗೊಂದು ಜೋಡಿ ಸುಳಿ. ಸುಮಾರು 450 ಮೀಟರ್ ಉದ್ದದ ಆ ಕೇಬಲ್ಲಿನ ಎರಡನೇ ಬಗೆಯ ಓಲಾಟದ (ಮೇಲಿನರ್ಧ ಒಂದು ಕಡೆ, ಕೆಳಗಿನರ್ಧ ಇನ್ನೊಂದು ಕಡೆ ಬಾಗುವುದು) ಅವಧಿ 5.7 ಸೆಕೆಂಡು. ಹತ್ತಿರ, ತುಂಬ ಹತ್ತಿರ. ಉಕ್ಕು ದಣಿದು ಬಿರುಕು ಬಿಡುವುದೇ ಇಂಥ ಎಡೆಬಿಡದ ಕುಣಿತಕ್ಕೆ. ಈ ತಾಳ ತಪ್ಪಿಸಲು ಕೇಬಲ್ಲಿನ ಬಿಗಿ ಬಹಳ ಹೆಚ್ಚಿಸೋಣವೆಂದರೆ ಕೊಳವೆಯನ್ನು ಇನ್ನೂ ಹಗುರ ಮಾಡಬೇಕು, ಆಗ ತಳದ ಲಂಗರಿನ ಮೇಲೆ ಎಳೆತ ಏರುತ್ತದೆ.

ಸಮುದ್ರದ ಲೆಕ್ಕ ನೋಡುತ್ತಿದ್ದ ಹಿರಿಯರೊಬ್ಬರು ನನ್ನ ಹಾಳೆ ನೋಡಿ, "ತಳದಲ್ಲೂ ಅಷ್ಟೇ ಸೆಳವು ಅಂತ ಯಾರು ಹೇಳಿದರು?" ಎಂದರು. ಯಾರೂ ಹೇಳಿರಲಿಲ್ಲ. ಮೇಲಿನಿಂದ ತಳದವರೆಗೆ ಒಂದೇ ವೇಗ ಹಾಕಿಬಿಟ್ಟಿದ್ದೆ. ಜೋರು ಸೆಳವು ಮೇಲ್ಭಾಗದ್ದು. ಕೆಳಗಿನ ನಿಧಾನ ನೀರು ಕುಣಿತವನ್ನು ತಗ್ಗಿಸುತ್ತದೆ. ತಿದ್ದಿ ಹಾಕಿದಾಗ ಓಲಾಟ ಬಹಳ ಇಳಿಯಿತು, ಪೂರ್ತಿ ಹೋಗಲಿಲ್ಲ. ಉಳಿದದ್ದಕ್ಕೆ ಕೇಬಲ್ಲಿನ ಮೇಲ್ಭಾಗಕ್ಕೆ ಮಾತ್ರ ತಿರುಪಿನಂತೆ ಸುತ್ತುವ ಏಣುಪಟ್ಟಿ ಕೊಟ್ಟೆ. ಸುಳಿಗಳು ಒಟ್ಟಾಗದಂತೆ ಅದು ಚದುರಿಸುತ್ತದೆ. ಆದರೆ ಬೆಳಕು ಬೀಳುವ ಆ ಭಾಗಕ್ಕೇ ಪಾಚಿ, ಚಿಪ್ಪು ಹೆಚ್ಚು ಅಂಟಿಕೊಳ್ಳುವುದು. ಏಣು ಹೂತುಹೋದರೆ ಮತ್ತೆ ನುಣ್ಣನೆ ಕಂಬ. ಕೊನೆಗೆ ನಿರ್ವಹಣೆಯ ಪಟ್ಟಿಯಲ್ಲಿ ಕೆರೆದು ತೆಗೆಯುವ ಕೆಲಸವನ್ನೂ ಸೇರಿಸಿದೆ.