ಮೊದಲು ಮೊರೆ, ಆಮೇಲೆ ಸ್ತೋತ್ರ: ನನ್ನ ಅನುಭವ

ಗಂಗಾವತಿ ತಾಲ್ಲೂಕಿನ ನಮ್ಮ ಕ್ರೈಸ್ತ ಸಭೆಯಲ್ಲಿ ಶುಕ್ರವಾರದ ಮನೆ ಪ್ರಾರ್ಥನೆಯನ್ನು ನಡೆಸುವ, ಕಾಯಿಲೆಯಿಂದ ಮಲಗಿದವರನ್ನೂ ಸಾಲದ ಚಿಂತೆಯಲ್ಲಿ ಇರುವವರನ್ನೂ ಕಂಡು ಧೈರ್ಯ ಹೇಳಿ ಬರುವ ಜವಾಬ್ದಾರಿ ಬಹಳ ವರ್ಷಗಳಿಂದ ನನ್ನ ಮೇಲಿದೆ. ನಮ್ಮದು ಭತ್ತದ ಬೇಸಾಯದ ಮನೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ನಂಬಿದ ಬದುಕು. ಹಾಗಾಗಿ ಚಿಂತೆ ಎಂದರೇನೆಂದು ತಿಳಿಯಲು ನಾನು ಬೇರೆಯವರ ಮನೆಗೆ ಹೋಗಬೇಕಾಗಿಲ್ಲ. ನಂಬಿಕೆ, ಪ್ರೀತಿ, ಒಳ್ಳೆಯ ಆಲೋಚನೆ ಇವನ್ನು ದಿನನಿತ್ಯದ ಬದುಕಿನಲ್ಲಿ ಉಳಿಸಿಕೊಳ್ಳುವುದು ಹೇಗೆ ಎಂದು ಹೊಸದಾಗಿ ಸಭೆಗೆ ಬಂದ ಹೆಣ್ಣುಮಕ್ಕಳು ಕೇಳುತ್ತಿರುತ್ತಾರೆ. ನಾನು ರೂಢಿಸಿಕೊಂಡು ಬಂದ ಕ್ರಮವನ್ನು ಅವರಿಗಾಗಿಯೇ ಬರೆಯುತ್ತಿದ್ದೇನೆ.

ಕಷ್ಟದಲ್ಲಿರುವವರ ಮನೆಗೆ ಹೋದವರು ಹೊಸ್ತಿಲು ದಾಟುವ ಮೊದಲೇ "ನಂಬಿಕೆ ಇಡ್ರಿ, ಎಲ್ಲಾ ಚಲೋ ಆಗ್ತೈತಿ" ಎಂದುಬಿಡುತ್ತಾರೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೂ ಆ ಮಾತು ಕೇಳಿದ ಮೇಲೆ ಕಷ್ಟದಲ್ಲಿರುವವರಿಗೆ ತಮ್ಮ ದುಃಖವನ್ನು ಬಾಯಿ ಬಿಟ್ಟು ಹೇಳಿಕೊಳ್ಳುವುದೇ ಅಪನಂಬಿಕೆಯೇನೋ ಎಂಬ ಅಳುಕು ಹುಟ್ಟುತ್ತದೆ. ಮಗನ ಶಸ್ತ್ರಚಿಕಿತ್ಸೆಗಾಗಿ ಒಡವೆಗಳನ್ನೆಲ್ಲ ಅಡವಿಟ್ಟಿದ್ದ ಒಬ್ಬ ತಾಯಿ ನನಗೆ ಹೇಳಿದ ಮಾತು ಇದು: "ಅಕ್ಕಾರ, ಪ್ರಾರ್ಥನಿ ಮಾಡು ಅಂತ ಎಲ್ಲಾರೂ ಹೇಳ್ತಾರ. ಒಂದು ಗಳಿಗಿ ಕುಂತು ನನ್ನ ಮಾತು ಕೇಳೋರು ಯಾರೂ ಇಲ್ಲ." ಅಂದಿನಿಂದ ನಾನು ಸತ್ಯವೇದವನ್ನು, ಅಂದರೆ ಬೈಬಲನ್ನು, ಓದುವ ರೀತಿಯೇ ಬೇರೆಯಾಯಿತು.

ಸತ್ಯವೇದದಲ್ಲಿ ಕೀರ್ತನೆಗಳು ಎಂಬ ಪ್ರಾರ್ಥನೆಯ ಹಾಡುಗಳು 150 ಇವೆ. ಅವುಗಳಲ್ಲಿ ಸುಮಾರು ಮೂರನೇ ಒಂದು ಭಾಗ ದುಃಖದ ಮೊರೆಗಳೇ ಆಗಿವೆ. ಹದಿಮೂರನೆಯ ಕೀರ್ತನೆಯನ್ನು ನೋಡಿ: ಇರುವುದು ಆರೇ ವಚನ. ಮೊದಲ ಎರಡು ವಚನಗಳಲ್ಲಿ ಕೀರ್ತನೆಕಾರನು ಇದು ಎಲ್ಲಿಯವರೆಗೆ, ಇದು ಎಲ್ಲಿಯವರೆಗೆ ಎಂದು ನಾಲ್ಕು ಸಲ ದೇವರನ್ನೇ ಕೇಳುತ್ತಾನೆ. ನಡುವೆ ಬೇಡಿಕೆ ಬರುತ್ತದೆ. ಕಡೆಯ ಎರಡು ವಚನಗಳಲ್ಲಿ ನಿನ್ನ ಪ್ರೀತಿಯಲ್ಲಿ ಭರವಸೆ ಇಟ್ಟಿದ್ದೇನೆ, ನಿನಗೆ ಹಾಡುವೆನು ಎನ್ನುತ್ತಾನೆ. ಇಷ್ಟರೊಳಗೆ ಅವನ ಶತ್ರು ದೂರವಾದನೆಂದಾಗಲಿ, ಕಷ್ಟ ತೀರಿತೆಂದಾಗಲಿ ಎಲ್ಲಿಯೂ ಬರೆದಿಲ್ಲ. ಹಾಡು ಬಂದದ್ದು ಮೊರೆಯ ದಾರಿಯಿಂದಲೇ. ಎಂಬತ್ತೆಂಟನೆಯ ಕೀರ್ತನೆಯಲ್ಲಂತೂ ಆ ಹಾಡೂ ಬರುವುದಿಲ್ಲ, ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥದ್ದನ್ನೂ ದೇವರು ತನ್ನ ವಾಕ್ಯದಲ್ಲಿ ಉಳಿಸಿಕೊಂಡಿದ್ದಾನೆ ಎಂಬುದು ನನಗೆ ದೊಡ್ಡ ಸಮಾಧಾನ. ದುಃಖವನ್ನು ಇದ್ದದ್ದು ಇದ್ದಂತೆ ದೇವರ ಮುಂದೆ ಹೇಳುವುದರಿಂದಲೇ ನಂಬಿಕೆ ಶುರುವಾಗುತ್ತದೆ ಎಂದು ನಾನು ಕಲಿತದ್ದು ಇವುಗಳಿಂದ.

ನನ್ನ ಬೆಳಗಿನ ಕ್ರಮ ಬಹಳ ಸರಳ. ಒಲೆ ಹಚ್ಚುವ ಮೊದಲು, ಮೊಬೈಲ್ ಮುಟ್ಟುವ ಮೊದಲು, ಒಂದು ಕೀರ್ತನೆಯನ್ನು ಬಾಯಿ ಬಿಟ್ಟು ಓದುತ್ತೇನೆ. ಮನಸ್ಸಿನಲ್ಲಿ ಓದಿಕೊಂಡರೆ ಕಣ್ಣು ಸಾಲಿನ ಮೇಲೆ ಓಡುತ್ತದೆ, ಯೋಚನೆ ಬೇರೆಲ್ಲೋ ಹೋಗುತ್ತದೆ. ನಾಲಿಗೆಯಿಂದ ನುಡಿದಾಗ ಕಿವಿಯೂ ಕೇಳುತ್ತದೆ. ನಮ್ಮ ಅಜ್ಜಿ ಹೀಗೆಯೇ ಓದುತ್ತಿದ್ದರು. ಕನ್ನಡದಲ್ಲಿ ಹೀಗೆ ಓದುವ ಭಾಗ್ಯ ಒದಗಿದ್ದಕ್ಕೆ ನಮ್ಮ ಪಕ್ಕದ ಬಳ್ಳಾರಿಗೆ ನಾವು ಋಣಿಗಳು ಎಂದು ಪ್ರಸಂಗವಶಾತ್ ಹೇಳಬೇಕು. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅವರೂ ಅವರ ಜೊತೆಗಾರರೂ ವರ್ಷಗಟ್ಟಲೆ ದುಡಿದ ಮೇಲೆ, 1831ರ ವೇಳೆಗೆ ಪೂರ್ಣ ಸತ್ಯವೇದ ಕನ್ನಡದಲ್ಲಿ ಸಿದ್ಧವಾಯಿತು. ಅಷ್ಟು ದೀರ್ಘಕಾಲ ಒಂದೇ ಕೆಲಸಕ್ಕೆ ಅಂಟಿಕೊಂಡವರನ್ನು ನೆನೆದಾಗ ಬೆಳಿಗ್ಗೆ ಸ್ವಲ್ಪ ಬೇಗ ಏಳುವುದು ನನಗೆ ಭಾರವೆನಿಸುವುದಿಲ್ಲ.

ಕೀರ್ತನೆ ಮುಗಿದ ಮೇಲೆ ಪ್ರಾರ್ಥನೆಯ ನೋಟ್‌ಬುಕ್ ತೆಗೆಯುತ್ತೇನೆ. ಅದು ಶಾಲೆಯ ಮಕ್ಕಳು ಬಳಸುವ ಇನ್ನೂರು ಪುಟದ ಸಾಮಾನ್ಯ ಪುಸ್ತಕ. ಪುಟದ ನಡುವೆ ಸ್ಕೇಲಿನಿಂದ ಒಂದು ಗೆರೆ ಎಳೆದಿರುತ್ತೇನೆ. ಎಡಗಡೆ, ಯಾರಿಗಾಗಿ ಪ್ರಾರ್ಥಿಸುತ್ತೇನೋ ಅವರ ಹೆಸರು ಮತ್ತು ಅವರ ಕಷ್ಟ. ಬಲಗಡೆ, ಆ ಕಷ್ಟಕ್ಕೆ ನನ್ನ ಕೈಯಿಂದ ಆಗಬಹುದಾದ ಒಂದು ಕೆಲಸ. "ಆಸ್ಪತ್ರೆಯಲ್ಲಿರುವವರಿಗೆ ಮಧ್ಯಾಹ್ನದ ಬುತ್ತಿ", "ವಿಧವಾ ವೇತನದ ಅರ್ಜಿಗೆ ನಾಡಕಚೇರಿಗೆ ಜೊತೆಯಲ್ಲಿ ಹೋಗುವುದು", "ಹುಡುಗಿಗೆ ಗಣಿತ ಹೇಳಿಕೊಡುವ ಟೀಚರನ್ನು ವಿಚಾರಿಸುವುದು" ಎಂಬಂಥವು. ಸಹೋದರನಿಗೆ ಬಟ್ಟೆಯಿಲ್ಲ, ಅಂದಿನ ಊಟವಿಲ್ಲ ಎಂದು ಕಂಡೂ, ಸಮಾಧಾನದಿಂದ ಹೋಗು, ಬೆಚ್ಚಗಿರು, ಹೊಟ್ಟೆ ತುಂಬಿಸಿಕೋ ಎಂದು ಬರಿಮಾತು ಹೇಳಿ ಕಳುಹಿಸಿದರೆ ಪ್ರಯೋಜನವೇನು ಎಂದು ಯಾಕೋಬನು ಸತ್ಯವೇದದಲ್ಲಿರುವ ತನ್ನ ಪತ್ರಿಕೆಯ, ಅಂದರೆ ಪತ್ರದ, ಎರಡನೆಯ ಅಧ್ಯಾಯದಲ್ಲಿ ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರವಾಗಿಯೇ ಬಲಗಡೆಯ ಸಾಲು ಇದೆ. ಕೆಲವು ಹೆಸರುಗಳ ಎದುರು ಬರೆಯಲು ಏನೂ ಇರುವುದಿಲ್ಲ. ಗುಣವಾಗದ ಕ್ಯಾನ್ಸರ್, ಕುಡಿತ ಬಿಡದ ಗಂಡ, ಬೆಂಗಳೂರಿಗೆ ದುಡಿಯಲು ಹೋಗಿ ಫೋನ್ ಮಾಡದ ಮಗ. ಆ ಜಾಗವನ್ನು ಖಾಲಿ ಬಿಡುತ್ತೇನೆ, ಅದನ್ನು ಪೂರ್ತಿಯಾಗಿ ದೇವರ ಕೈಗೆ ಒಪ್ಪಿಸುತ್ತೇನೆ. ಯಾವುದು ನನ್ನ ಕೆಲಸ, ಯಾವುದು ದೇವರ ಕೆಲಸ ಎಂಬುದು ಹೀಗೆ ಕಣ್ಣಿಗೆ ಕಾಣುವಂತಾದಾಗ ಅರ್ಧ ಚಿಂತೆ ತಾನಾಗಿಯೇ ಇಳಿಯುತ್ತದೆ.

ಈ ಕ್ರಮಕ್ಕೆ ನಿಜವಾದ ಪರೀಕ್ಷೆ ಒದಗಿದ್ದು 2024ರ ಆಗಸ್ಟ್‌ನಲ್ಲಿ. ತುಂಗಭದ್ರಾ ಜಲಾಶಯ ತುಂಬಿತ್ತು, ಗದ್ದೆಗಳಲ್ಲಿ ನಾಟಿಯ ಹೊತ್ತು. 10ನೆಯ ತಾರೀಖಿನ ರಾತ್ರಿ ಸರಪಳಿ ತುಂಡಾಗಿ ಅಣೆಕಟ್ಟಿನಿಂದ ನೀರು ಹೊರಬಿಡುವ 19ನೆಯ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. 33 ಗೇಟುಗಳಲ್ಲಿ ಒಂದು ಹೋದರೆ ಏನಾದೀತು ಎಂದು ದೂರದವರು ಅಂದುಕೊಂಡಿರಬಹುದು. ಆ ಒಂದು ಜಾಗಕ್ಕೆ ತಡೆ ಹಾಕಬೇಕಾದರೆ ನೀರಿನ ಮಟ್ಟ ಇಳಿಸಬೇಕಿತ್ತು, ಅದಕ್ಕಾಗಿ ಉಳಿದ ಗೇಟುಗಳಿಂದಲೂ ನೀರು ಹರಿಸಲಾಯಿತು. ನಮ್ಮ ಬೆಳೆಯ ನೀರು ನಮ್ಮ ಕಣ್ಣೆದುರೇ ನದಿಗೆ ಹೋಗುತ್ತಿತ್ತು. ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರ ಜಿಲ್ಲೆಗಳ ರೈತರಿಗೆಲ್ಲ ಒಂದೇ ಕಳವಳ. ಲೀಸಿಗೆ ಗದ್ದೆ ಹಿಡಿದು, ಎಕರೆಗೆ ಇಂತಿಷ್ಟು ಚೀಲ ಭತ್ತವೆಂದು ಮಾತು ಕೊಟ್ಟವರ ಮನೆಗಳಲ್ಲಿ ಆ ವಾರ ಯಾರೂ ಸರಿಯಾಗಿ ಉಂಡದ್ದು ನಾನು ಕಾಣಲಿಲ್ಲ.

ಆ ವಾರದ ಮನೆ ಪ್ರಾರ್ಥನೆಯಲ್ಲಿ ನಾವು ಪ್ರವಾದಿ ಹಬಕ್ಕೂಕನ ಗ್ರಂಥದ ಮೂರನೆಯ ಅಧ್ಯಾಯದ ಕಡೆಯ ಭಾಗವನ್ನು ಓದಿದೆವು. ಅಂಜೂರ ಚಿಗುರದಿದ್ದರೂ, ದ್ರಾಕ್ಷೆಯ ಬಳ್ಳಿಯಲ್ಲಿ ಹಣ್ಣಿಲ್ಲದಿದ್ದರೂ, ಹೊಲಗದ್ದೆಗಳು ಆಹಾರ ಕೊಡದಿದ್ದರೂ, ಕೊಟ್ಟಿಗೆಯಲ್ಲಿ ದನಗಳೇ ಇಲ್ಲದಿದ್ದರೂ ನಾನು ಕರ್ತನಲ್ಲಿ ಸಂತೋಷಿಸುವೆನು ಎಂಬ ಪ್ರವಾದಿಯ ಮಾತು ಅಲ್ಲಿದೆ. ನಷ್ಟದ ಒಂದೊಂದು ಬಾಬನ್ನೂ ಅವನು ಬಿಡಿಬಿಡಿಯಾಗಿ ಹೇಳುತ್ತಾನೆ. ನಾವೂ ಹಾಗೆಯೇ ಮಾಡಿದೆವು. ಬಂದವರೆಲ್ಲ ತಮ್ಮ ತಮ್ಮ ಬಾಬು ಹೇಳಿದರು: ಗೊಬ್ಬರದ ಅಂಗಡಿಯ ಬಾಕಿ, ಸಂಘದ ಸಾಲದ ಕಂತು, ಮಗಳ ಕಾಲೇಜಿನ ಶುಲ್ಕ. ಎಲ್ಲರೂ ಹೇಳಿ ಮುಗಿಸುವವರೆಗೆ ಒಂದು ಹಾಡನ್ನೂ ಎತ್ತಿಕೊಳ್ಳಲಿಲ್ಲ. ಆಮೇಲೆ ಹಾಡಿದೆವು, ಅತ್ತೆವು, ಚಹಾ ಕುಡಿದು ಎದ್ದೆವು.

ಒಂದು ವಾರದಲ್ಲಿ ತಜ್ಞರೂ ಕಾರ್ಮಿಕರೂ ಹರಿಯುವ ನೀರಿನಲ್ಲಿಯೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆಯನ್ನು ಇಳಿಸಿ ನೀರು ತಡೆದರು. ಮತ್ತೆ ಮಳೆ ಸುರಿದು ಸೆಪ್ಟೆಂಬರ್‌ನಲ್ಲಿ ಜಲಾಶಯ ತುಂಬಿತು. ಅದಕ್ಕಾಗಿ ದೇವರನ್ನು ಮನಃಪೂರ್ವಕ ಸ್ತುತಿಸಿದ್ದೇವೆ, ಪ್ರಾಣದ ಹಂಗು ತೊರೆದು ದುಡಿದವರನ್ನು ಹೆಸರಿಸಿ ಪ್ರಾರ್ಥಿಸಿದ್ದೇವೆ. ಆದರೆ ನಾವು ಪ್ರಾರ್ಥಿಸಿದ್ದರಿಂದಲೇ ನೀರು ಉಳಿಯಿತು ಎಂದು ಸಾಕ್ಷಿ ಹೇಳಲು ನಾನು ಯಾರಿಗೂ ಕಲಿಸುವುದಿಲ್ಲ. ಹಾಗೆ ಕಲಿಸಿದರೆ, ಬೆಳೆ ಕೈಕೊಟ್ಟ ವರ್ಷ ಅದೇ ಹೆಣ್ಣುಮಕ್ಕಳು ತಮ್ಮ ಪ್ರಾರ್ಥನೆಯಲ್ಲೇ ಕೊರತೆಯಿತ್ತು ಎಂದು ಕೊರಗುತ್ತಾರೆ. ಹಬಕ್ಕೂಕನ ಸಂತೋಷಕ್ಕೆ ಫಸಲಿನ ಷರತ್ತು ಇರಲಿಲ್ಲ.

ಒಳ್ಳೆಯ ಆಲೋಚನೆಯ ವಿಷಯಕ್ಕೆ ಬಂದರೆ, ಯೇಸುವಿನ ಅಪೊಸ್ತಲನಾದ ಪೌಲನು ಫಿಲಿಪ್ಪಿ ಪಟ್ಟಣದ ಸಭೆಯವರಿಗೆ ಬರೆದ ಪತ್ರಿಕೆಯೇ ನನಗೆ ಪಾಠ. ಸದಾ ಸಂತೋಷಿಸಿರಿ, ಯಾವುದಕ್ಕೂ ಚಿಂತಿಸಬೇಡಿರಿ ಎಂದು ಬರೆದಾಗ ಅವನು ಸೆರೆಯಲ್ಲಿದ್ದನು. ಅದೇ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ, ಜೊತೆಗಾರ ಎಪಫ್ರೊದೀತನು ಸಾಯುವ ಸ್ಥಿತಿಗೆ ಬಂದಿದ್ದನೆಂದೂ, ತನಗೆ ದುಃಖದ ಮೇಲೆ ದುಃಖ ಬಾರದಂತೆ ದೇವರು ಕರುಣಿಸಿದನೆಂದೂ ಅವನು ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ನಾಲ್ಕನೆಯ ಅಧ್ಯಾಯದ ಎಂಟನೆಯ ವಚನದಲ್ಲಿ ಯಾವುದನ್ನು ಮನಸ್ಸಿಗೆ ತಂದುಕೊಳ್ಳಬೇಕು ಎಂದು ಹೇಳುವಾಗ ಅವನು ಮೊಟ್ಟಮೊದಲಿಗೆ ಇಡುವುದು ಸತ್ಯವನ್ನು. ಮಾನ್ಯವಾದದ್ದು, ನ್ಯಾಯವಾದದ್ದು, ಶುದ್ಧವಾದದ್ದು, ಪ್ರೀತಿಕರವಾದದ್ದು ಆಮೇಲೆ ಬರುತ್ತವೆ. ಆದ್ದರಿಂದ ರಾತ್ರಿ ಮಲಗುವ ಮೊದಲು ಅದೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಆ ದಿನ ನಿಜವಾಗಿ ನಡೆದ ಒಳ್ಳೆಯ ಸಂಗತಿಯೊಂದನ್ನು ಬರೆಯುತ್ತೇನೆ. ಊಹಿಸಿದ್ದನ್ನಾಗಲಿ, ಬಯಸಿದ್ದನ್ನಾಗಲಿ ಬರೆಯುವುದಿಲ್ಲ. ಕಾಲುವೆಯ ಏರಿಯ ಮೇಲೆ ಸ್ಕೂಟಿ ಕೆಟ್ಟು ನಿಂತಾಗ ಗುರುತಿಲ್ಲದ ಹುಡುಗನೊಬ್ಬ ಮೆಕ್ಯಾನಿಕ್ ಅಂಗಡಿಯವರೆಗೆ ತಳ್ಳಿಕೊಂಡು ಬಂದದ್ದು, ಮಾತು ಬಿಟ್ಟಿದ್ದ ನಾದಿನಿ ತಾನಾಗಿ ಫೋನ್ ಮಾಡಿದ್ದು. ಬೇಸರದ ದಿನಗಳಲ್ಲಿ ಈ ಪುಟಗಳನ್ನು ತಿರುವಿ ಹಾಕಿದರೆ, ಅಲ್ಲಿರುವುದೆಲ್ಲ ನಡೆದದ್ದೇ ಆದ್ದರಿಂದ ಮನಸ್ಸು ಅದನ್ನು ಅಲ್ಲಗಳೆಯಲಾರದು.

ಪ್ರೀತಿಯ ಪಾಠವನ್ನು ಕಲಿತದ್ದು ನೀರಿನ ಜಗಳದಲ್ಲಿ. ಒಂದು ಬೇಸಿಗೆಯ ಬೆಳೆಯಲ್ಲಿ ಮೇಲಿನ ಗದ್ದೆಯವರು ನಮ್ಮ ಸರದಿಯ ರಾತ್ರಿ ತೂಬು ಮುಚ್ಚಿ ನೀರನ್ನು ತಮ್ಮ ಕಡೆಗೆ ತಿರುಗಿಸಿಕೊಳ್ಳುತ್ತಿದ್ದರು. ನಮ್ಮ ಯಜಮಾನರು ನೀರು ಬಳಕೆದಾರರ ಸಂಘಕ್ಕೆ ದೂರು ಕೊಡುವ ಮೊದಲು, ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಯೇಸು ಹೇಳಿದಂತೆ, ಒಬ್ಬರೇ ಹೋಗಿ ಅವರೊಬ್ಬರ ಹತ್ತಿರವೇ ಮಾತನಾಡಿದರು. ಅವರು ಒಪ್ಪಲಿಲ್ಲ. ಸಂಘದಲ್ಲಿ ವಿಷಯ ಇಟ್ಟು ಸರದಿಯನ್ನು ಬರವಣಿಗೆಯಲ್ಲಿ ಮಾಡಿಸಿಕೊಂಡೆವು. ಪ್ರೀತಿ ಎಂದರೆ ನ್ಯಾಯವನ್ನು ಬಿಟ್ಟುಕೊಡುವುದು ಎಂದು ನಾನು ತಿಳಿದಿಲ್ಲ. ಆದರೆ ಅವರ ಹೆಸರನ್ನು ನೋಟ್‌ಬುಕ್ಕಿನ ಎಡಗಡೆ ಬರೆದೆ. ದೇವರು ನೀತಿವಂತರ ಮೇಲೂ ಅನೀತಿವಂತರ ಮೇಲೂ ಮಳೆ ಸುರಿಸುತ್ತಾನೆ ಎಂಬ ವಾಕ್ಯ ಬಲಗಡೆಯ ಜಾಗವನ್ನು ಖಾಲಿ ಬಿಡಲು ಬಿಡಲಿಲ್ಲ. ಅವರ ಮನೆಯ ಹಿರಿಯರಿಗೆ ಪಾರ್ಶ್ವವಾಯು ಆದಾಗ ನಾನು ರೊಟ್ಟಿ ಪಲ್ಯ ಕಟ್ಟಿಕೊಂಡು ಹೋದೆ. ಅವರ ಸೊಸೆ ಡಬ್ಬಿ ತೆಗೆದುಕೊಂಡಳು, ಹೆಚ್ಚು ಮಾತನಾಡಲಿಲ್ಲ. ಅವರು ಇಂದಿಗೂ ನಮ್ಮೊಂದಿಗೆ ಅಷ್ಟಕ್ಕಷ್ಟೇ. ಆದರೂ ಅವರ ಹೆಸರು ಕಿವಿಗೆ ಬಿದ್ದರೆ ನನ್ನ ಎದೆ ಬಿಗಿಯುತ್ತಿದ್ದದ್ದು ನಿಂತಿದೆ, ಮಕ್ಕಳ ಮುಂದೆ ಅವರನ್ನು ಬೈಯುವ ರೂಢಿ ನಮ್ಮ ಮನೆಯಿಂದ ಹೋಗಿದೆ.

ಇನ್ನು, ಧೈರ್ಯ ಹೇಳಲು ಹೋಗುವವರಿಗೆ ಒಂದೆರಡು ಮಾತು. ಸತ್ಯವೇದದಲ್ಲಿ, ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಬಂದು ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕುಳಿತರು. ಅವರು ಮಾಡಿದ್ದರಲ್ಲಿ ಒಳ್ಳೆಯದು ಅದೊಂದೇ, ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. ಪ್ರವಾದಿ ಎಲೀಯನು ಜಾಲಿಗಿಡದ ಕೆಳಗೆ ಕುಳಿತು ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದಾಗ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ತಂಬಿಗೆ ನೀರನ್ನೂ ಕೊಟ್ಟನು, ಮತ್ತೆ ಮಲಗಲು ಬಿಟ್ಟನು, ಇನ್ನೊಮ್ಮೆ ಎಬ್ಬಿಸಿ ಉಣ್ಣಿಸಿದನು. ದೇವರು ಅವನೊಡನೆ ಮಾತನಾಡಿದ್ದು ಹೋರೇಬ್ ಬೆಟ್ಟಕ್ಕೆ ಹೋದ ಮೇಲೆ. ಹಾಗಾಗಿ ನಾನು ಹೋದ ಮನೆಯಲ್ಲಿ ಮೊದಲು ಕೇಳುವುದು ಊಟವಾಯಿತೇ, ನಿದ್ದೆ ಬಂತೇ ಎಂದು. ವಾರಗಟ್ಟಲೆ ನಿದ್ದೆ ಬಾರದೆ, ಬದುಕೇ ಬೇಡ ಎನ್ನುವವರನ್ನು ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದುಕೊಂಡು ಹೋಗುತ್ತೇನೆ, ಹೋಗಲಾಗದ ಹೊತ್ತಿನಲ್ಲಿ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ನನ್ನ ಫೋನಿನಿಂದಲೇ ಮಾತನಾಡಿಸುತ್ತೇನೆ. ಅಲ್ಲಿ ಹಗಲು ರಾತ್ರಿ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು. ಮಾತ್ರೆ ತೆಗೆದುಕೊಂಡರೆ ನಂಬಿಕೆ ಕಡಿಮೆಯಾದಂತೆ ಎಂದು ಹೇಳುವವರಿದ್ದಾರೆ. ಪೌಲನ ಜೊತೆಗಿದ್ದ ಲೂಕನು ವೈದ್ಯನೆಂದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿಯೇ ಇದೆ ಎಂದು ಅವರಿಗೆ ತೋರಿಸುತ್ತೇನೆ.

ಹೊಸದಾಗಿ ಶುರುಮಾಡುವವರು ಫಿಲಿಪ್ಪಿಯವರಿಗೆ ಬರೆದ ಪತ್ರಿಕೆಯನ್ನು ಒಂದೇ ಸಲ ಕುಳಿತು ಓದಿ ಮುಗಿಸಲಿ. ನಾಲ್ಕೇ ಅಧ್ಯಾಯ, 104 ವಚನ. ಅನ್ನ ಬೇಯಿಸಿ ಸಾರು ಮಾಡುವಷ್ಟು ಹೊತ್ತೂ ಬೇಡ. ಮಾರನೆಯ ಬೆಳಿಗ್ಗೆಯಿಂದ ದಿನಕ್ಕೊಂದು ಕೀರ್ತನೆ. ನೋಟ್‌ಬುಕ್ಕಿನಲ್ಲಿ ಮೊದಲ ದಿನವೇ ಹತ್ತಾರು ಹೆಸರು ಬರೆಯಬೇಡಿ. ಮೂರು ಸಾಕು, ಅದರಲ್ಲಿ ಒಂದು ನಿಮ್ಮದೇ ಇರಲಿ. ಓದು ಬಾರದವರು ಮಕ್ಕಳಿಂದ ಓದಿಸಿ ಕೇಳಬಹುದು, ನಮ್ಮ ಶುಕ್ರವಾರದ ಪ್ರಾರ್ಥನೆಯಲ್ಲಿ ಅಂಥವರಿಗಾಗಿಯೇ ಪ್ರತಿ ವಚನವನ್ನು ಎರಡು ಸಲ ಓದುತ್ತೇವೆ.