ಬಿಟಿ ಹತ್ತಿ, ಮಾಮೂಲಿ ಹತ್ತಿ: ನನ್ನ ಹೊಲದ ಲೆಕ್ಕ

ಶಿರಾ ಕಡೆ ಮಳೆ ಹೊಲ ಅಂದ್ರೆ ಕಡಲೇಕಾಯಿ. ಅದರಲ್ಲೇ ಒಂದೂವರೆ ಎಕರೆ ನಾನು ಹತ್ತಿಗೆ ಬಿಡುತ್ತೇನೆ. ಒಂದು ಎಕರೆಗೆ ಬಿಟಿ ಹೈಬ್ರಿಡ್, ಅರ್ಧ ಎಕರೆಗೆ ಸೂರಜ್ ಅನ್ನೋ ಬಿಟಿ ಅಲ್ಲದ ತಳಿ. ಬಿಟಿ ಅಂದ್ರೆ ಕಾಯಿಕೊರಕ ಹುಳವನ್ನು ಕೊಲ್ಲೋ ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಹತ್ತಿ. ಹೈಬ್ರಿಡ್ ಅಂದ್ರೆ ಎರಡು ತಳಿ ಕೂಡಿಸಿದ ಬೀಜ, ವರ್ಷವರ್ಷ ಕೊಳ್ಳಬೇಕು; ತಳಿಯ ಬೀಜ ಮನೆಯಲ್ಲೇ ಎತ್ತಿಟ್ಟುಕೊಳ್ಳಬಹುದು. ಯಾವುದು ಲಾಭ ಅಂತ ಕೇಳುವವರೆಲ್ಲ ಮೊದಲು ಬೀಜದ ರೇಟು ಕೇಳುತ್ತಾರೆ.

ಬೀಜ ದೊಡ್ಡ ಖರ್ಚೇ ಅಲ್ಲ. 2024ರಲ್ಲಿ ಬೋಲ್‌ಗಾರ್ಡ್-2 (ಎರಡು ಬಿಟಿ ಜೀನ್ ಇರೋ ಬೀಜ) ಪ್ಯಾಕೆಟ್ಟಿಗೆ ಕೇಂದ್ರ ಸರ್ಕಾರ ಕಟ್ಟಿದ ಬೆಲೆ 864 ರೂಪಾಯಿ. ಎಕರೆಗೆ ಎರಡು ಪ್ಯಾಕೆಟ್, 1,728 ಆಯಿತು. ಅದೇ ಎಕರೆ ಹತ್ತಿ ಬಿಡಿಸೋಕೆ ಕೂಲಿ ಎಂಟು ಸಾವಿರ ದಾಟಿತು. ಕೆಜಿಗೆ 12 ರೂಪಾಯಿ. ಸೂರಜ್ ಕಾಯಿ ಸಣ್ಣದು, ಎಷ್ಟು ಬಿಡಿಸಿದರೂ ಚೀಲ ತುಂಬಲ್ಲ. ಅದಕ್ಕೆ ಹೆಂಗಸರು 14 ಕೇಳಿದರು. ಕೇಳಿದ್ದು ನ್ಯಾಯವೇ.

ಸೂರಜ್ ಬೀಜ ಮನೆಯದು. ಹತ್ತಿಯ ತೂಕದಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ಬೀಜವೇ ಇರುತ್ತದೆ, ಹಾಗಾಗಿ ಐದಾರು ಕೆಜಿ ಒಳ್ಳೆ ಹತ್ತಿ ಎತ್ತಿಟ್ಟರೆ ಅರ್ಧ ಎಕರೆಗೆ ಸಾಕು. ಹತ್ತಿ ತೆಗೆದ ಮೇಲೂ ಬೀಜದ ಮೇಲೆ ಸಣ್ಣ ಎಳೆ ಉಳಿದಿರುತ್ತೆ, ಹಾಗೇ ಬಿತ್ತಿದರೆ ಗಂಟುಗಂಟಾಗಿ ಬೀಳುತ್ತೆ. ಸಗಣಿ ನೀರಿನಲ್ಲಿ ಕಲಸಿ, ಬೂದಿ ಹಾಕಿ ಗೋಣಿಚೀಲದ ಮೇಲೆ ಉಜ್ಜಿ, ನೆರಳಲ್ಲಿ ಆರಿಸಬೇಕು. ಆಗ ಒಂದೊಂದೇ ಬಿಡಿಯಾಗಿ ಬೀಳುತ್ತೆ. ಹೈಬ್ರಿಡ್‌ನಲ್ಲಿ ಈ ಕೆಲಸವೂ ಇಲ್ಲ, ಆ ಉಳಿತಾಯವೂ ಇಲ್ಲ.

ಇನ್ನು ಔಷಧಿ. ಬಿಟಿಯಲ್ಲಿ ಹಸಿರು ಕಾಯಿಕೊರಕದ ಕಾಟ ನಿಜವಾಗಿಯೂ ಕಮ್ಮಿ. ಆದರೆ ಜಿಗಿಹುಳು, ಥ್ರಿಪ್ಸ್, ಬಿಳಿನೊಣಕ್ಕೆ ಆ ಜೀನ್ ಲೆಕ್ಕಕ್ಕೇ ಇಲ್ಲ, ಬಿಟಿಗೂ ಸೂರಜ್‌ಗೂ ಔಷಧಿ ಹೊಡೆಯಲೇಬೇಕು. ಗುಲಾಬಿ ಕಾಯಿಕೊರಕ ಈಗ ಬೋಲ್‌ಗಾರ್ಡ್-2ಕ್ಕೂ ಜಗ್ಗಲ್ಲ. ಕಾಯಿ ಹೊರಗೆ ಚೆನ್ನಾಗೇ ಕಾಣುತ್ತೆ. ಒಡೆದು ನೋಡಿದರೆ ಎರಡು ಬೀಜ ಅಂಟಿಕೊಂಡಿರುತ್ತವೆ, ನಡುವೆ ಹುಳ. ಆ ಎಸಳಿನ ಹತ್ತಿ ಹಳದಿ ತಿರುಗಿ ಮಂಡಿಯಲ್ಲಿ ರೇಟು ಬೀಳುತ್ತೆ. ಹಿಂದೆ ಪ್ಯಾಕೆಟ್ ಜೊತೆ 120 ಗ್ರಾಂ ಬಿಟಿ ಅಲ್ಲದ ಬೀಜ ಬೇರೆ ಕೊಡುತ್ತಿದ್ದರು, ಹುಳ ಬಿಟಿಗೆ ಒಗ್ಗಿಕೊಳ್ಳದಿರಲಿ, ಸುತ್ತ ಹಾಕಿ ಅಂತ. ಎಷ್ಟು ಜನ ಹಾಕಿದರು ಹೇಳಿ? ಈಗ ಒಳಗೇ ಬೆರೆಸಿ ಕೊಡುತ್ತಾರೆ.

2024ರಲ್ಲಿ ಮಳೆ ತಕ್ಕಮಟ್ಟಿಗೆ ಚೆನ್ನಾಗಿತ್ತು. ಬಿಟಿ ಏಳು ಕ್ವಿಂಟಾಲ್ ಬಂತು, ಸೂರಜ್ ಎಕರೆ ಲೆಕ್ಕದಲ್ಲಿ ನಾಲ್ಕೂವರೆ. ಉದ್ದ ಎಳೆಯ ಹತ್ತಿಗೆ ಬೆಂಬಲ ಬೆಲೆ 7,521 ಇತ್ತು, ನನ್ನ ಕೈಗೆ ಬಂದದ್ದು ಸುಮಾರು 7,000. ಎಲ್ಲ ಕಳೆದು ಬಿಟಿಯಲ್ಲಿ ಎಕರೆಗೆ ಹದಿನೆಂಟು ಸಾವಿರದ ಹತ್ತಿರ, ಸೂರಜ್‌ನಲ್ಲಿ ಏಳು ಸಾವಿರ.

ಅದರ ಹಿಂದಿನ ವರ್ಷದ ಬರದಲ್ಲಿ ಲೆಕ್ಕ ತಿರುಗಿತ್ತು. ಬಿಟಿ ಎರಡೂವರೆ ಕ್ವಿಂಟಾಲಿಗೆ ನಿಂತಿತು, ಐದು ಸಾವಿರ ಕೈಯಿಂದ ಹೋಯಿತು. ಸೂರಜ್ ಎಕರೆ ಲೆಕ್ಕದಲ್ಲಿ ಎರಡು ಕ್ವಿಂಟಾಲ್ ಕೊಟ್ಟು ಅಸಲು ಬಂತು. ಗೊಬ್ಬರ ಅದಕ್ಕೆ ಅರ್ಧವೇ ಹಾಕಿದ್ದೆ, ಅದಕ್ಕೆ.

ಒಂದು ಮಾತು. ಇದನ್ನು ಬಿಟಿ ಗೆದ್ದಿತು ಅಥವಾ ಸೋತಿತು ಅನ್ನೋಕೆ ಆಗಲ್ಲ. ನಾನು ಹೋಲಿಸಿದ್ದು ಹೈಬ್ರಿಡ್ಡನ್ನೂ ತಳಿಯನ್ನೂ. ಜಾಸ್ತಿ ಇಳುವರಿ, ಜಾಸ್ತಿ ಗೊಬ್ಬರ, ವರ್ಷವರ್ಷ ಹೊಸ ಬೀಜ, ಇವೆಲ್ಲ ಹೈಬ್ರಿಡ್ಡಿನ ಗುಣ. ಬಿಟಿ ಇಲ್ಲದ ಹೈಬ್ರಿಡ್ ಪಕ್ಕದಲ್ಲಿ ಹಾಕಿ ನೋಡೋಣ ಅಂದ್ರೆ ನಮ್ಮ ಅಂಗಡಿಗಳಲ್ಲಿ ಸಿಗಲ್ಲ.

ಕಳೆನಾಶಕ ತಡೆಯುವ ಬೀಜ ಅಂತ ಬಿಲ್ ಇಲ್ಲದ ಪ್ಯಾಕೆಟ್ಟೂ ಬರುತ್ತೆ. ಅದಕ್ಕೆ ಅನುಮತಿಯೇ ಇಲ್ಲ. ಮೊಳಕೆ ಬರದಿದ್ದರೆ ಯಾರನ್ನ ಕೇಳ್ತೀರಿ? ನಾನು ಮುಟ್ಟಿಲ್ಲ.

ಈ ಸಲವೂ ಅಳತೆ ಅದೇ. ಡಿಸೆಂಬರ್ ಕೊನೆಗೆ ಬಿಡಿಸೋದು ನಿಲ್ಲಿಸಿ ಕುರಿ ಬಿಡುತ್ತೇನೆ. ಉಳಿದ ಕಾಯಿ ಜೊತೆ ಗುಲಾಬಿ ಹುಳವೂ ಹೋಗುತ್ತೆ, ಕುರಿಗೊಬ್ಬರ ಹೊಲಕ್ಕೇ ಬೀಳುತ್ತೆ. ಕಡ್ಡಿಯನ್ನು ಆಮೇಲೆ ಕೀಳಿಸುವ ಕೂಲಿ ಮಾತ್ರ ಕೈಯಿಂದ ಕೊಡಬೇಕು.